ಸೂರು ನೋಡುವ ಶಾಸ್ತ್ರ

ಗೋಡೆ ತಲೆಮಟ್ಟ ದಾಟಿದ ದಿನ
ಗಂಗುಲಪ್ಪ ಕರಣೆ ಒರೆಸಿಕೊಂಡು
'ಮೇಲಕ್ಕೇನಮ್ಮಾ?' ಅಂದ.
ಮೇಲೆ ನೋಡಿದೆ. ಸದ್ಯಕ್ಕೆ ಅಲ್ಲಿ
ಎರಡು ಕಾಗೆ, ದೇವನಹಳ್ಳಿ ಕಡೆಗಿಳಿವ
ಒಂದು ವಿಮಾನ.

ಹೆಣ್ಣು ನೋಡಲು ಹೋದವರು
ಸಂಜೆಯ ತಂಪಿಗೆ ಹೋಗಿ, ಉಪ್ಪಿಟ್ಟು ತಿಂದು
ಒಪ್ಪಿ ಬಂದುಬಿಡುತ್ತಾರೆ.
ಸೂರನ್ನು ಹಾಗೆ ನೋಡಬಾರದು.
ಮಟಮಟ ಮಧ್ಯಾಹ್ನ ಹೋಗಬೇಕು,
ಬಾಯಿ ಮುಚ್ಚಿ ಕೂತು
ನೆತ್ತಿಯನ್ನು ಕೇಳಬೇಕು.

ಮೊದಲು ಪಿಳ್ಳಮ್ಮನ ಶೀಟಿನ ಮನೆ.
'ಅಗ್ಗ ಕಣೇ, ಎರಡೇ ದಿನಕ್ಕೆ ಮುಗೀತು'
ಅನ್ನುತ್ತ ಸೆರಗಲ್ಲಿ ಗಾಳಿ ಬೀಸಿಕೊಂಡಳು.
ಬಿಸಿಲಿಗೆ ತಗಡು ಟಣ್ಣೆಂದು ನೆಟಿಕೆ ಮುರಿಯಿತು.
ಅಷ್ಟರಲ್ಲೊಂದು ಮೋಡ, ಹದಿನೈದು ಹನಿ ಮಳೆ.
ಅವಳ ತುಟಿ ಆಡುತ್ತಲೇ ಇತ್ತು,
ನನಗೊಂದೂ ಕೇಳಲಿಲ್ಲ.

ಶಿಡ್ಲಘಟ್ಟದಲ್ಲಿ ಖಮರುನ್ನೀಸಾ
ನೂಲು ಬಿಚ್ಚುವ ಕೊಟ್ಟಿಗೆಗೆ ಮಂಗಳೂರು ಹೆಂಚು.
ಗೂಡು ಬೇಯುವ ಆವಿ ಸಂದಿಸಂದಿಯಲ್ಲಿ
ಎದ್ದು ಹೋಗುವುದನ್ನು ತೋರಿಸಿ ನಕ್ಕಳು:
'ನಂಗೆ ಹೊರಗೆ ಹೋಗೋಕೆ ಸಂದು ಬೇಕು,
ನಿಂಗೆ ಊಜಿ ನೊಣ ಒಳಗೆ ಬರದಿದ್ರೆ ಸಾಕು.'
ಕೋತಿ ಬಂದ ಮರುದಿನದ ಹೆಂಚಿನ ಲೆಕ್ಕ
ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ನಮ್ಮವರಿಗೆ ಮೋಲ್ಡೇ ಆಗಬೇಕು.
ಮೇಷ್ಟ್ರು ಗೋವಿಂದರಾಜು ಹಾಕಿಸಿದ್ದಾರಲ್ಲ.
ಹಗಲು ಕಡ ತಂದ ಬಿಸಿಲನ್ನು ಅದು
ರಾತ್ರಿ ಬಡ್ಡಿ ಸಮೇತ ಇಳಿಸುತ್ತದೆ.
ಬೇಸಿಗೆಯಲ್ಲಿ ಮೇಷ್ಟ್ರು ಮೋಲ್ಡಿನ ಮೇಲೆ,
ಮೋಲ್ಡಿನ ಕೆಳಗೆ ಸೋಫಾ, ಫ್ರಿಜ್ಜು.
ಮೂಲೆಗೆರಡು ಕಂಬಿ ಬಿಟ್ಟಿದ್ದಾರೆ, ಮುಂದೆ ಮಹಡಿಗೆಂದು.
ಹಾಗೆ ಬಿಟ್ಟ ಆಸೆಗಳು
ತುಕ್ಕು ಹಿಡಿದು ಊರ ತುಂಬ ನಿಂತಿವೆ.

ನನಗಾದರೆ ತಲೆ ಒಂದೇ.
ನೂರು ಮೊಟ್ಟೆ ಚಾಕಿ ತಂದರೆ
ಒಳಗೆ ನಲವತ್ತು ಸಾವಿರ ತಲೆ.
ನಾಲ್ಕನೇ ಜ್ವರದಿಂದ ಎದ್ದ ಹುಳು
ರಾತ್ರಿ ಸೊಪ್ಪು ಮೇಯುವ ಸದ್ದು ಕೇಳಬೇಕು,
ಸದ್ದು ಸಣ್ಣಗಾದರೆ ಏನೋ ಕೆಟ್ಟಿದೆ.
ಕೊನೆಗವು ಯಾರನ್ನೂ ಕೇಳದೆ
ತಮ್ಮ ಸೂರು ತಾವೇ ಕಟ್ಟಿಕೊಳ್ಳುತ್ತವೆ,
ಬಾಗಿಲೂ ಇಡದೆ.
ಆ ಮಾತು ಈಗ ಬೇಡ.

ನಮ್ಮಪ್ಪ ಬಂಡೆಯ ಮೇಲೆ ಬೆಂಕಿ ಸರಿಸುತ್ತ ಸರಿಸುತ್ತ
ಚಪ್ಪಡಿ ಎಬ್ಬಿಸಿದವನು.
ಸುತ್ತಿಗೆಯಲ್ಲಿ ತಟ್ಟಿ, ತಲೆ ವಾಲಿಸಿ
'ಇಲ್ಲೀಗಂಟ ಬಿಟ್ಟೈತೆ' ಅನ್ನುತ್ತಿದ್ದ.
ಆ ಬಂಡೆ ಈಗ ಜಲ್ಲಿ.
ಚಪ್ಪಡಿ ಬೇಕೆಂದರೆ
ಯಾರದೋ ಮನೆ ಬೀಳಬೇಕು.

ರಸ್ತೆ ಅಗಲಕ್ಕೆ ಅಕ್ಕಯ್ಯಮ್ಮನ ಮನೆ ಬಿತ್ತು.
ಮೋರಿಯ ಪಕ್ಕ ಹದಿನೇಳು ಕಲ್ಲು.
ಬಗ್ಗಿ, ರೂಪಾಯಿ ನಾಣ್ಯದಲ್ಲಿ ತಟ್ಟಿದೆ:
ಹದಿನಾಲ್ಕು ಕಂಯ್ ಅಂದವು,
ಮೂರು ಬದ್ ಅಂದವು.
ಬೇಕಿದ್ದದ್ದು ಹದಿನೈದು.

ಏರಿಸುವಾಗ ಗಂಗುಲಪ್ಪ ಕೈ ತಡೆದ.
'ಒಲೆ ಮೇಲಿದ್ದ ಕಲ್ಲಮ್ಮಾ, ಮಸಿ ಹಿಡಿದೈತೆ,
ಮಗುಚಿ ಹಾಕ್ಲಾ?'
ಬೆರಳಲ್ಲಿ ಉಜ್ಜಿದೆ. ಬರಲಿಲ್ಲ.
ಐವತ್ತು ವರ್ಷದ ಮುದ್ದೆ, ಹುರುಳಿ ಸಾರು, ಬಾಣಂತಿಯರ ಬಿಸಿನೀರು.
'ಕಪ್ಪು ಕೆಳಕ್ಕೇ ಇರಲಿ' ಅಂದೆ,
ಯಾಕೆಂದು ಅವನು ಕೇಳಲಿಲ್ಲ, ಪುಣ್ಯಾತ್ಮ.

ಸಂದಿಗೆ ಗಾರೆ, ಮೇಲೊಂದು ಗೇಣು ಚೌಳು ಮಣ್ಣು.
ಹದಿನೈದನೆಯ ಕಲ್ಲಿನ ಜಾಗಕ್ಕೆ, ಜಗಲಿ ಕಡೆಗೆ,
ಪಿಳ್ಳಮ್ಮನಲ್ಲಿ ಮಿಕ್ಕಿದ್ದ ಒಂದು ತುಂಡು ಶೀಟು.
ಕಲ್ಲಿನಡಿ ಮಲಗಿದವರಿಗೆ
ಮಳೆ ಬಂದದ್ದೇ ತಿಳಿಯುವುದಿಲ್ಲವಲ್ಲ.

ಮೂಲೆಯ ಕಂಬದಲ್ಲಿ ನಮ್ಮವರು
ನನಗೆ ಹೇಳದೆ ಎರಡು ಕಂಬಿ ಮೇಲಕ್ಕೆ ಬಿಟ್ಟಿದ್ದಾರೆ.
ನೋಡಿಯೂ ಸುಮ್ಮನಿದ್ದೇನೆ.
ಬಟ್ಟೆ ಒಣಹಾಕುವ ಹಗ್ಗಕ್ಕೆ
ಒಂದು ಕಡೆಯಂತೂ ಆಯಿತು.